ಹೊಸ ಮನೆ ಎಷ್ಟು ಎತ್ತರ ಕಟ್ಟಬಹುದು? ಎತ್ತರದ ನಿಯಮ ಓದಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

"ಗರಿಷ್ಠ ಎತ್ತರ 9 ಮೀಟರ್." ಸ್ಥಳೀಯ ಸಂಸ್ಥೆಯ ನಿಯಮದಲ್ಲಿ ಇಷ್ಟೇ ಬರೆದಿರುತ್ತದೆ. ಓದಿದವರಿಗೆ ಎಲ್ಲ ಗೊತ್ತಾಯಿತು ಅನ್ನಿಸುತ್ತದೆ. ಆದರೆ ಆ ಸಾಲಿನಲ್ಲಿ ಅರ್ಧ ವಿಷಯವೂ ಇಲ್ಲ. 9 ಮೀಟರ್ ಎಲ್ಲಿಂದ ಶುರು? ಈಗಿರುವ ನೆಲದಿಂದಲೋ, ಮಣ್ಣು ತುಂಬಿಸಿದ ಮೇಲಿನ ನೆಲದಿಂದಲೋ, ಮುಂದಿನ ರಸ್ತೆಯಿಂದಲೋ? ಎಲ್ಲಿಗೆ ಮುಗಿಯುತ್ತದೆ? ತಾರಸಿಗೋ, ಪ್ಯಾರಪೆಟ್‌ಗೋ, ಚಾವಣಿಯ ನೆತ್ತಿಗೋ?

ಒಂದೇ ಮನೆ ಒಂದು ಕಡೆಯ ನಿಯಮದಲ್ಲಿ 7.20 ಮೀಟರ್ ಆಗಬಹುದು, ಇನ್ನೊಂದು ಕಡೆ 9.75 ಮೀಟರ್ ಆಗಬಹುದು. ಉತ್ಪ್ರೇಕ್ಷೆ ಅಲ್ಲ, ಲೆಕ್ಕವನ್ನು ಕೆಳಗೆ ಮಾಡಿಯೇ ತೋರಿಸಿದ್ದೇನೆ. ಹಾಗಾಗಿ ಸಂಖ್ಯೆ ಹುಡುಕುವುದಕ್ಕಿಂತ ಮೊದಲು ಅಳತೆಪಟ್ಟಿಯ ಎರಡೂ ತುದಿ ಎಲ್ಲಿ ಕೂರುತ್ತವೆ ಅನ್ನುವುದನ್ನು ಹುಡುಕಬೇಕು. ಈ ಬರಹದ ಬಹುಪಾಲು ಅದರ ಬಗ್ಗೆಯೇ ಇದೆ.

ಹಂತ 1: ನಿಮ್ಮ ಸೈಟ್ ಯಾರ ಕೈಯಲ್ಲಿದೆ, ಯಾವ ವಲಯದಲ್ಲಿದೆ?

ಮೊದಲು ನಕ್ಷೆ ಮಂಜೂರು ಮಾಡುವವರು ಯಾರು ಅಂತ ಖಚಿತ ಮಾಡಿಕೊಳ್ಳಿ. ನಗರದ ಅಂಚಿನಲ್ಲಿರುವ ಸೈಟ್‌ಗಳಲ್ಲಿ ಇದೇ ಮೊದಲ ಗೊಂದಲ. ತೆರಿಗೆ ಕಟ್ಟಿಸಿಕೊಳ್ಳುವುದು ಒಬ್ಬರು, ಭೂ ಬಳಕೆ ತೀರ್ಮಾನಿಸುವುದು ಇನ್ನೊಬ್ಬರು, ಕಟ್ಟಡದ ಅನುಮತಿ ಕೊಡುವುದು ಮತ್ತೊಬ್ಬರು ಆಗಿರಬಹುದು.

ನಂತರ ವಲಯ ನಕ್ಷೆ, ಅಂದರೆ ಯಾವ ಜಾಗ ಯಾವ ಬಳಕೆಗೆ ಅಂತ ಬಣ್ಣದಲ್ಲಿ ತೋರಿಸುವ ನಕ್ಷೆ. ಸೈಟಿನ ಸರ್ವೇ ನಂಬರ್ ಹಿಡಿದು ನಕ್ಷೆಯಲ್ಲಿ ಗುರುತಿಸಿ. ಮೂಲ ವಲಯ ಒಂದಿರುತ್ತದೆ. ಅದರ ಮೇಲೆ ವಿಶೇಷ ಪ್ರದೇಶಗಳ ಗೆರೆಗಳು ಹಾದು ಹೋಗಿರಬಹುದು: ಪಾರಂಪರಿಕ ಬೀದಿ, ನದಿ ಅಂಚು, ವಿಮಾನ ನಿಲ್ದಾಣದ ಸುತ್ತಲಿನ ಪ್ರದೇಶ ಇತ್ಯಾದಿ. ಜಾಸ್ತಿ ಜನ ಮೂಲ ವಲಯದ ಬಣ್ಣ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಕಟ್ಟುನಿಟ್ಟಾದ ಮಿತಿ ಇರುವುದು ಸಾಮಾನ್ಯವಾಗಿ ಆ ಮೇಲಿನ ಗೆರೆಗಳಲ್ಲಿ.

ನಕ್ಷೆಯ ಜೊತೆ ನಿಯಮದ ಪಠ್ಯವನ್ನೂ ಓದಬೇಕು. ಯಾಕೆ ಅನ್ನುವುದಕ್ಕೆ ನ್ಯೂಯಾರ್ಕ್‌ನ ಪೂರ್ವ 96ನೇ ಬೀದಿಯ ಒಂದು ಕಟ್ಟಡವೇ ಸಾಕ್ಷಿ. ಪಾರ್ಕ್ ಅವೆನ್ಯೂದಿಂದ 150 ಅಡಿಯೊಳಗೆ 19 ಮಹಡಿ ಅಥವಾ 210 ಅಡಿಗಿಂತ ಎತ್ತರ ಕಟ್ಟುವಂತಿಲ್ಲ ಅಂತ ಅಲ್ಲಿ ವಿಶೇಷ ನಿಯಮ ಇತ್ತು. ನಗರದ ನಕ್ಷೆಯಲ್ಲಿ ಮಾತ್ರ ಆ ಗೆರೆ 150ರ ಬದಲು 100 ಅಡಿಗೆ ಬಿದ್ದಿತ್ತು. ನಕ್ಷೆ ನಂಬಿ ಅನುಮತಿ ಕೊಟ್ಟರು, ಅನುಮತಿ ನಂಬಿ 31 ಮಹಡಿ ಎಬ್ಬಿಸಿದರು. ಆಮೇಲೆ ತಪ್ಪು ಬೆಳಕಿಗೆ ಬಂತು. ತಪ್ಪಾಗಿ ಕೊಟ್ಟ ಅನುಮತಿ ನಗರದ ಕೈ ಕಟ್ಟುವುದಿಲ್ಲ ಅಂತ 1988ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿತು. 1993ರಲ್ಲಿ ಮೇಲಿನ 12 ಮಹಡಿಗಳನ್ನು ಕೆಡವಿದರು. ಎಲ್ಲ ದೇಶದ ನ್ಯಾಯಾಲಯವೂ ಹೀಗೇ ಹೇಳುತ್ತದೆ ಅಂತಲ್ಲ. ಆದರೆ "ಅವರೇ ಅನುಮತಿ ಕೊಟ್ಟಿದ್ದಾರಲ್ಲ" ಅನ್ನುವ ಧೈರ್ಯದ ಮೇಲೆ ಮನೆ ಕಟ್ಟಬೇಡಿ.

ಇನ್ನೊಂದು ಸಣ್ಣ ವಿಷಯ. ನಿಯಮ ತಿದ್ದುಪಡಿಯ ಹಂತದಲ್ಲಿದೆಯಾ ಅಂತ ಕೇಳಿ. ಅರ್ಜಿ ಕೊಟ್ಟ ದಿನದ ನಿಯಮ ಅನ್ವಯಿಸುತ್ತದೋ, ಮಂಜೂರಾದ ದಿನದ್ದೋ ಅನ್ನುವುದು ಒಂದೊಂದು ಕಡೆ ಒಂದೊಂದು ಥರ.

ಹಂತ 2: ಎಲ್ಲ ಮಿತಿಗಳನ್ನೂ ಒಂದೇ ಹಾಳೆಗೆ ತನ್ನಿ

ಎತ್ತರದ ಮಿತಿ ಅಂದರೆ ಒಂದು ಸಂಖ್ಯೆ ಅಲ್ಲ, ಹಲವು ಸಂಖ್ಯೆಗಳ ಗುಂಪು. ಅವುಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಒಂದು ಹಾಳೆಯಲ್ಲಿ ಇವನ್ನು ಬರೆದುಕೊಳ್ಳಿ: ಮೀಟರ್ ಲೆಕ್ಕದ ಮಿತಿ, ಮಹಡಿ ಲೆಕ್ಕದ ಮಿತಿ, ರಸ್ತೆಯ ಅಗಲಕ್ಕೆ ತಳಕು ಹಾಕಿದ ಮಿತಿ, ಗಡಿಯಿಂದ ಏಳುವ ಓರೆ ಗೆರೆ (ವಿವರ ಹಂತ 6ರಲ್ಲಿ), ಒಟ್ಟು ಕಟ್ಟಡ ವಿಸ್ತೀರ್ಣದ ಅನುಪಾತ (ಎಲ್ಲ ಮಹಡಿ ಸೇರಿದ ವಿಸ್ತೀರ್ಣ ಸೈಟಿನ ಎಷ್ಟು ಪಟ್ಟು ಇರಬಹುದು ಅನ್ನುವುದು).

ಮೀಟರ್ ಮತ್ತು ಮಹಡಿ ಎರಡೂ ಒಟ್ಟಿಗೆ ಇರುವುದು ತುಂಬ ಸಾಮಾನ್ಯ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ನೆರೆಹೊರೆ ವಸತಿ ವಲಯದಲ್ಲಿ 9 ಮೀಟರ್ ಮತ್ತು 2 ಮಹಡಿ, ಸಾಮಾನ್ಯ ವಸತಿ ವಲಯದಲ್ಲಿ 11 ಮೀಟರ್ ಮತ್ತು 3 ಮಹಡಿ. ಅಂದರೆ ಮೊದಲ ವಲಯದಲ್ಲಿ 9 ಮೀಟರ್ ಒಳಗೆ ಮೂರು ಗಿಡ್ಡ ಮಹಡಿ ತುರುಕಿದರೂ ನಡೆಯುವುದಿಲ್ಲ.

ರಸ್ತೆಯ ಅಗಲದ ನಿಯಮ ಹಳೆಯದು. ವಾಷಿಂಗ್ಟನ್ ನಗರದಲ್ಲಿ 1894ರಲ್ಲಿ 164 ಅಡಿ ಎತ್ತರದ ಒಂದು ವಸತಿ ಕಟ್ಟಡ ಎದ್ದಾಗ ಜನ ಗಲಾಟೆ ಮಾಡಿದರು. ಬೆಂಕಿ ಬಿದ್ದರೆ ಏಣಿ ಮುಟ್ಟುವುದಿಲ್ಲ ಅನ್ನುವುದು ಅವರ ಭಯ. 1899ರಲ್ಲಿ ಮೊದಲ ಕಾಯ್ದೆ ಬಂತು, 1910ರಲ್ಲಿ ಈಗಿನದು. ವ್ಯಾಪಾರದ ಬೀದಿಗಳಲ್ಲಿ ರಸ್ತೆಯ ಅಗಲಕ್ಕೆ 20 ಅಡಿ ಕೂಡಿಸಿದರೆ ಬರುವಷ್ಟು ಎತ್ತರ, ಸಾಮಾನ್ಯವಾಗಿ 130 ಅಡಿಯೊಳಗೆ. ವಸತಿ ಬೀದಿಗಳಲ್ಲಿ ಗರಿಷ್ಠ 90 ಅಡಿ. (ಸಂಸತ್ ಭವನಕ್ಕಿಂತ ಎತ್ತರ ಆಗಬಾರದು ಅಂತ ಈ ಕಾಯ್ದೆ ಬಂತು ಅನ್ನುವುದು ಬರೀ ದಂತಕಥೆ.) ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಇದೇ ಜಾಡಿನ ಸೂತ್ರ ಇದೆ: ಮುಂದಿನ ರಸ್ತೆಯ ಅಗಲ ಮತ್ತು ಮನೆ ಮುಂದಿನ ಖಾಲಿ ಜಾಗ ಕೂಡಿಸಿ, ಅದರ 1.5 ಪಟ್ಟು. 6 ಮೀಟರ್ ರಸ್ತೆ, 1.5 ಮೀಟರ್ ಖಾಲಿ ಜಾಗ ಇದ್ದರೆ 11.25 ಮೀಟರ್. ಆ ಸಂಹಿತೆ ಮಾದರಿ ಮಾತ್ರ, ಸ್ಥಳೀಯ ಸಂಸ್ಥೆ ತನ್ನದೇ ಸಂಖ್ಯೆ ಇಟ್ಟುಕೊಂಡಿರಬಹುದು.

ಸಂಖ್ಯೆಯೇ ಇಲ್ಲದ ಊರುಗಳೂ ಇವೆ. ಇಂಗ್ಲೆಂಡಿನಲ್ಲಿ ಹೊಸ ಮನೆಗೆ ದೇಶಕ್ಕೆಲ್ಲ ಒಂದೇ ಎತ್ತರ ಅಂತ ಇಲ್ಲ. ಸ್ಥಳೀಯ ಯೋಜನಾ ಸಂಸ್ಥೆ ಅರ್ಜಿ ಅರ್ಜಿಗೂ ನೋಡಿ ತೀರ್ಮಾನಿಸುತ್ತದೆ. ಅಂಥ ಕಡೆ ಅಕ್ಕಪಕ್ಕದ ಚಾವಣಿಗಳ ನೆತ್ತಿಯೇ ಅಘೋಷಿತ ಮಿತಿ. ಸಂಖ್ಯೆ ಇಲ್ಲ ಅಂದಮಾತ್ರಕ್ಕೆ ಮಿತಿ ಇಲ್ಲ ಅಂತ ತಿಳಿಯಬೇಡಿ.

ಹಂತ 3: ವ್ಯಾಖ್ಯೆಗಳ ಪುಟ ಓದಿ

ನಿಯಮಾವಳಿಯ ಶುರುವಿನಲ್ಲೋ ಕೊನೆಯಲ್ಲೋ ವ್ಯಾಖ್ಯೆಗಳು ಇರುತ್ತವೆ. ಯಾರೂ ಓದದ ಪುಟ ಅದು. ಎತ್ತರದ ಜಗಳಗಳೆಲ್ಲ ಹುಟ್ಟುವುದೂ ಅಲ್ಲೇ. ಅಲ್ಲಿ ನಾಲ್ಕು ವಿಷಯ ಹುಡುಕಿ.

ಒಂದು, ಕೆಳತುದಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಈಗಿರುವ ನೆಲಮಟ್ಟದಿಂದ ನೇರ ಮೇಲಕ್ಕೆ ಅಳೆಯುತ್ತಾರೆ. ಅಂದರೆ ಮನೆಯ ಯಾವ ಬಿಂದುವನ್ನೇ ತೆಗೆದುಕೊಳ್ಳಿ, ಅದರ ಕೆಳಗಿನ ನೆಲ ಯಾವುದೋ ಅದೇ ಲೆಕ್ಕ. ಮಣ್ಣು ತುಂಬಿಸಿ ಸೈಟ್ ಎತ್ತರಿಸಿದರೆ ಆ ತುಂಬಿಸಿದಷ್ಟೂ ನಿಮ್ಮ ಮಿತಿಯಿಂದ ಕಳೆಯುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ ಸರಾಸರಿ ಹಿಡಿಯುತ್ತದೆ: ಹೊರಗೋಡೆಗಳ ಪಕ್ಕದ ನೆಲ, ಕೆಲಸ ಮುಗಿದ ಮೇಲೆ ಹೇಗಿರುತ್ತದೋ ಅದರ ಸರಾಸರಿ. ಮಣ್ಣು ಗೋಡೆಯಿಂದ ಆಚೆಗೆ ಇಳಿಜಾರಾಗಿದ್ದರೆ 6 ಅಡಿಯೊಳಗಿನ ತೀರಾ ತಗ್ಗಿನ ಬಿಂದುವನ್ನು ಹಿಡಿಯಬೇಕು. ಗೋಡೆ ಬುಡಕ್ಕೆ ಮಾತ್ರ ಮಣ್ಣು ಗುಡ್ಡೆ ಹಾಕಿ ಎತ್ತರ ಕಡಿಮೆ ತೋರಿಸುವ ಜಾಣತನ ನಡೆಯಬಾರದು ಅಂತಲೇ ಈ ಷರತ್ತು. ಒಂದು ವಿಷಯ ನೆನಪಿರಲಿ: ಕಟ್ಟಡ ಸಂಹಿತೆಯ ವ್ಯಾಖ್ಯೆ ಬೇರೆ, ಸ್ಥಳೀಯ ವಲಯ ನಿಯಮದ ವ್ಯಾಖ್ಯೆ ಬೇರೆ ಇರಬಹುದು. ಆಗ ಎರಡನ್ನೂ ದಾಟಬೇಕು.

ಎರಡು, ಮೇಲ್ತುದಿ. ಸಮತಟ್ಟಾದ ತಾರಸಿ ಇದ್ದರೆ ಸುಲಭ. ಇಳಿಜಾರು ಚಾವಣಿಗೆ ಕನಿಷ್ಠ ಮೂರು ಪದ್ಧತಿ ಇವೆ. ನೆತ್ತಿಯ ತನಕ ಅಳೆಯುವುದು ಒಂದು. ಸೂರು (ಚಾವಣಿಯ ಕೆಳ ಅಂಚು) ಮತ್ತು ನೆತ್ತಿಯ ನಡುಮಧ್ಯಕ್ಕೆ ನಿಲ್ಲಿಸುವುದು ಇನ್ನೊಂದು. ಭಾರತದ ಸಂಹಿತೆಯಂತೆ ಹೊರಗೋಡೆ ಚಾವಣಿಯನ್ನು ಮುಟ್ಟುವ ಜಾಗಕ್ಕೆ ನಿಲ್ಲಿಸುವುದು ಮೂರನೆಯದು. ಈ ಕೊನೆಯ ಪದ್ಧತಿಯಲ್ಲೂ ತ್ರಿಕೋನದ ಗೋಡೆ ರಸ್ತೆಗೆ ಮುಖ ಮಾಡಿದ್ದರೆ ಸೂರು ಮತ್ತು ನೆತ್ತಿಯ ಮಧ್ಯಬಿಂದು ಲೆಕ್ಕಕ್ಕೆ ಬರುತ್ತದೆ. ಮನೆಯನ್ನು 90 ಡಿಗ್ರಿ ತಿರುಗಿಸಿದರೆ ಎತ್ತರ ಬದಲಾಯಿತು ಅಂದಹಾಗಾಯಿತು, ಅಲ್ವಾ?

ಮೂರು, ಲೆಕ್ಕಕ್ಕೆ ಬಾರದ ವಸ್ತುಗಳು. ಇಲ್ಲಿ ಊಹೆ ಮಾಡಲೇಬೇಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಗೆಕೊಳವೆ, ಆಂಟೆನಾ, ಡಿಶ್, ಧ್ವಜಸ್ತಂಭ ಬಿಡಬಹುದು, ಆದರೆ ಲಿಫ್ಟ್‌ನ ಮೇಲುಭಾಗ ಮತ್ತು ಯಂತ್ರಗಳು ಲೆಕ್ಕಕ್ಕೆ ಸೇರುತ್ತವೆ. ಭಾರತದ ಸಂಹಿತೆಯಲ್ಲಿ ಇದಕ್ಕೆ ಉಲ್ಟಾ: ಲಿಫ್ಟ್ ಕೋಣೆ, 3 ಮೀಟರ್ ಮೀರದ ಮೆಟ್ಟಿಲ ಹೆಡ್‌ರೂಮ್ (ತಾರಸಿಗೆ ಹೋಗುವ ಮೆಟ್ಟಿಲಿನ ಮೇಲಿನ ಗೂಡು), ಆಧಾರ ಸೇರಿ 1 ಮೀಟರ್ ಮೀರದ ನೀರಿನ ಟ್ಯಾಂಕ್ ಬಿಡಬಹುದು. ಹಾಗೆ ಬಿಟ್ಟ ವಸ್ತುಗಳಿಗೂ ಅಳತೆಯ ಮಿತಿ ಇರುತ್ತದೆ ಅನ್ನುವುದನ್ನು ಗಮನಿಸಿ. ಹೆಡ್‌ರೂಮ್ ಅಂತ ನಕ್ಷೆಯಲ್ಲಿ ತೋರಿಸಿ, ಪಕ್ಕಕ್ಕೆ ಒಂದು ರೂಮು, ಅದಕ್ಕೊಂದು ಬಾತ್‌ರೂಮು ಸೇರಿಸಿದರೆ ಅದು ಮಹಡಿಯೇ. ಸೌರ ಫಲಕ, ಅದರ ಸ್ಟ್ಯಾಂಡ್, ತಾರಸಿ ಮೇಲಿನ ಶೀಟು ಇವುಗಳ ಬಗ್ಗೆ ಬೇರೆಯಾಗಿಯೇ ಕೇಳಿ. ಹಳೆಯ ನಿಯಮಾವಳಿಗಳಲ್ಲಿ ಸೌರ ಫಲಕದ ಮಾತೇ ಇರುವುದಿಲ್ಲ.

ನಾಲ್ಕು, ಮಹಡಿ ಅಂದರೆ ಏನು. ನೆಲಮಾಳಿಗೆ ಯಾವಾಗ ಮಹಡಿ ಆಗುತ್ತದೆ? ವಿಕ್ಟೋರಿಯಾದಲ್ಲಿ ಅದು ನೆಲದಿಂದ 1.2 ಮೀಟರ್‌ಗಿಂತ ಮೇಲೆ ಬರದಿದ್ದರೆ ನೆಲಮಾಳಿಗೆ. ಅಂತರರಾಷ್ಟ್ರೀಯ ಸಂಹಿತೆಯಲ್ಲಿ ಅದರ ಮೇಲಿನ ಮಹಡಿಯ ನೆಲವು ಸರಾಸರಿ ನೆಲಮಟ್ಟಕ್ಕಿಂತ 6 ಅಡಿಗಿಂತ ಮೇಲೆ ಹೋದರೆ, ಅಥವಾ ಯಾವುದೇ ಒಂದು ಕಡೆ ಹೊರಗಿನ ನೆಲಕ್ಕಿಂತ 12 ಅಡಿಗಿಂತ ಮೇಲೆ ಹೋದರೆ ಅದೂ ಒಂದು ಮಹಡಿ. ವಾಹನ ನಿಲ್ಲಿಸುವ ಕಂಬದ ಅಂತಸ್ತು, ಅಟ್ಟ, ಅರ್ಧ ಮಹಡಿ ಇವಕ್ಕೂ ಇದೇ ಪ್ರಶ್ನೆ ಹಾಕಿ.

ಹಂತ 4: ಮಣ್ಣು ಮುಟ್ಟುವ ಮೊದಲು ಲೆವೆಲ್ ತೆಗೆಸಿ

ಜೆಸಿಬಿ ಬಂದು ಸೈಟ್ ಸಮ ಮಾಡಿದ ಮೇಲೆ "ಮೊದಲಿದ್ದ ನೆಲ" ಎಲ್ಲಿತ್ತು ಅಂತ ಸಾಬೀತು ಮಾಡುವುದು ಕಷ್ಟ. ಆಗ ಅನುಮಾನ ನಿಮ್ಮ ಮೇಲೆಯೇ ಬರುತ್ತದೆ. ಆದ್ದರಿಂದ ಗಿಡಗಂಟಿ ತೆಗೆಯುವ ಹಂತದಲ್ಲೇ ಸರ್ವೇಯರ್ ಕರೆಸಿ. ಕೇಳಬೇಕಾದದ್ದು ಇಷ್ಟು: ಸೈಟಿನ ನಾಲ್ಕು ಮೂಲೆ, ಮನೆ ಬರುವ ಜಾಗದ ಮೂಲೆಗಳು, ಮುಂದಿನ ರಸ್ತೆಯ ಮಧ್ಯ ಮತ್ತು ಅಂಚು, ಅಕ್ಕಪಕ್ಕದ ಮನೆಗಳ ಸೂರು ಮತ್ತು ನೆತ್ತಿ. ಎಲ್ಲವೂ ಒಂದೇ ಬೆಂಚ್‌ಮಾರ್ಕ್‌ಗೆ, ಅಂದರೆ ಎತ್ತರ ಅಳೆಯಲು ಗುರುತು ಹಾಕಿದ ಒಂದು ಸ್ಥಿರ ಬಿಂದುವಿಗೆ, ಹೊಂದಿಸಿರಬೇಕು. ಆ ಬೆಂಚ್‌ಮಾರ್ಕ್ ಸೈಟಿನ ಹೊರಗೆ, ಕೆಲಸ ಮುಗಿಯುವವರೆಗೆ ಅಲುಗದ ಜಾಗದಲ್ಲಿ ಇರಲಿ. ಫೋನಿನ ಜಿಪಿಎಸ್ ತೋರಿಸುವ ಎತ್ತರ ಈ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಮೀಟರ್‌ಗಟ್ಟಲೆ ಹೆಚ್ಚುಕಡಿಮೆ ಇರುತ್ತದೆ.

ದಿನಾಂಕ ಇರುವ ಫೋಟೋಗಳನ್ನೂ ತೆಗೆದಿಟ್ಟುಕೊಳ್ಳಿ.

ಹಂತ 5: ಒಂದು ಮನೆ, ನಾಲ್ಕು ಎತ್ತರ

ಈಗ ಲೆಕ್ಕ. ಮನೆ ಬರುವ ಜಾಗದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೆಲ 1.5 ಮೀಟರ್ ಇಳಿಯುತ್ತದೆ ಅಂದುಕೊಳ್ಳಿ. ಮಿತಿ 9 ಮೀಟರ್. ಮನೆಯ ಜೋಡಣೆ ಹೀಗಿದೆ:

ಎತ್ತರದ ಬದಿಯ ನೆಲದಿಂದ ಪ್ಲಿಂತ್ (ಮನೆಯೊಳಗಿನ ನೆಲದ ತನಕದ ಕಟ್ಟೆ) 0.45 ಮೀಟರ್
ಎರಡು ಮಹಡಿ, ಮೋಲ್ಡ್ ಸೇರಿ ತಲಾ 3 ಮೀಟರ್, ಒಟ್ಟು 6 ಮೀಟರ್
ಇಳಿಜಾರು ಚಾವಣಿ, ಸೂರಿನಿಂದ ನೆತ್ತಿಗೆ 1.8 ಮೀಟರ್

ಎತ್ತರದ ಬದಿಯಲ್ಲಿ ನಿಂತು ನೋಡಿದರೆ 0.45 + 6 + 1.8 = 8.25 ಮೀಟರ್. ಮುಕ್ಕಾಲು ಮೀಟರ್ ಉಳಿದಿದೆ ಅಂತ ಖುಷಿಯಾಗುತ್ತದೆ.

ಮೊದಲ ಪದ್ಧತಿ: ಪ್ರತಿ ಬಿಂದುವಿನಲ್ಲೂ ಅದರ ಕೆಳಗಿನ ಈಗಿನ ನೆಲದಿಂದ ನೆತ್ತಿಗೆ. ಚಾವಣಿಯ ನೆತ್ತಿ ತಗ್ಗಿನ ತುದಿಯ ತನಕ ಹೋಗಿದ್ದರೆ ಅಲ್ಲಿ 8.25 + 1.5 = 9.75 ಮೀಟರ್. ಮಿತಿ ಮೀರಿತು.

ಎರಡನೆಯದು: ಸರಾಸರಿ ನೆಲದಿಂದ ನೆತ್ತಿಗೆ. ಸರಾಸರಿ ನೆಲ 0.75 ಮೀಟರ್ ಕೆಳಗಿದೆ. 8.25 + 0.75 = 9.00. ಕಾಗದದ ಮೇಲೆ ಸರಿ, ಆದರೆ ಕೆಲಸದಲ್ಲಿ ಒಂದು ಬೆರಳು ಹೆಚ್ಚಾದರೂ ತಪ್ಪು.

ಮೂರನೆಯದು: ಸರಾಸರಿ ನೆಲದಿಂದ ಚಾವಣಿಯ ನಡುಮಧ್ಯಕ್ಕೆ. 0.75 + 0.45 + 6 + 0.9 = 8.10 ಮೀಟರ್. ನಿರಾಳ.

ನಾಲ್ಕನೆಯದು: ಸರಾಸರಿ ನೆಲದಿಂದ ಗೋಡೆ ಚಾವಣಿಗೆ ಮುಟ್ಟುವ ಜಾಗಕ್ಕೆ. 0.75 + 0.45 + 6 = 7.20 ಮೀಟರ್.

ಮನೆ ಅದೇ, ನೆಲ ಅದೇ. ಬೇರೆ ಊರಿನ ಪರಿಚಯದವರು "ನಮ್ಮಲ್ಲಿ ಎರಡೂವರೆ ಮಹಡಿ ಬಿಟ್ಟರು" ಅಂದಾಗ ಈ ನಾಲ್ಕು ಸಾಲು ನೆನಪಿಸಿಕೊಳ್ಳಿ.

ಇಳಿಜಾರು ಸೈಟಿಗೆ ಕೆಲವು ಕಡೆ ರಿಯಾಯಿತಿ ಇರುತ್ತದೆ. ವಿಕ್ಟೋರಿಯಾದಲ್ಲಿ ಮನೆ ಬರುವ ಜಾಗದ 8 ಮೀಟರ್‌ಗಿಂತ ಹೆಚ್ಚು ಅಗಲದ ಯಾವುದೇ ಅಡ್ಡಕೊಯ್ತದಲ್ಲಿ ನೆಲದ ಇಳಿಜಾರು 2.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ 9 ಮೀಟರ್ ಮಿತಿ 10 ಆಗುತ್ತದೆ. ನಿಮ್ಮ ನಿಯಮದಲ್ಲೂ ಇಂಥದ್ದೊಂದು ಅಡಿಟಿಪ್ಪಣಿ ಇದೆಯಾ ನೋಡಿ.

ರಿಯಾಯಿತಿ ಇಲ್ಲದಿದ್ದರೆ ದಾರಿಗಳು ಇವು. ಮನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನೆಲದ ಜೊತೆ ಇಳಿಸುವುದು. ಚಾವಣಿಯ ನೆತ್ತಿಯನ್ನು ತಗ್ಗಿನ ತುದಿಗೆ ಮುಂಚೆಯೇ ನಿಲ್ಲಿಸಿ, ಅಲ್ಲಿ ಒಂದೇ ಮಹಡಿ ಮಾಡುವುದು. ಎತ್ತರದ ಬದಿಯಲ್ಲಿ ಸ್ವಲ್ಪ ಅಗೆದು ಇಡೀ ಮನೆ ಕೂರಿಸುವುದು. ಈ ಕೊನೆಯದರಲ್ಲಿ ಎರಡು ಅಪಾಯ ಇವೆ: ಮಳೆನೀರು ಮನೆ ಕಡೆಗೇ ಹರಿಯುತ್ತದೆ, ಮತ್ತು ಕೆಲಸ ಮುಗಿದ ಮೇಲಿನ ನೆಲದಿಂದ ಅಳೆಯುವ ಕಡೆ ಅಗೆದಷ್ಟೂ ಎತ್ತರ ಹೆಚ್ಚಾಗುತ್ತದೆ. ನನ್ನನ್ನು ಕೇಳಿದರೆ ಮೊದಲ ದಾರಿಯೇ ಒಳ್ಳೆಯದು. ವಯಸ್ಸಾದವರು ಇದ್ದರೆ ಒಳಗಿನ ಮೆಟ್ಟಿಲುಗಳ ಬಗ್ಗೆ ಮಾತ್ರ ಯೋಚಿಸಬೇಕು.

ಹಂತ 6: ಗಡಿಯಿಂದ ಏಳುವ ಓರೆ ಗೆರೆ

ಮನೆ ನಡುವಿನಲ್ಲಿ 9 ಮೀಟರ್ ಇರಬಹುದು, ಪಕ್ಕದ ಗಡಿಯ ಹತ್ತಿರ ಅಷ್ಟು ಇರುವಂತಿಲ್ಲ. ಗಡಿಯ ಮೇಲೆ ಒಂದು ಎತ್ತರದಿಂದ ಓರೆಯಾಗಿ ಒಂದು ಗೆರೆ ಒಳಕ್ಕೆ ಏಳುತ್ತದೆ, ಮನೆ ಆ ಗೆರೆಯ ಕೆಳಗೇ ಇರಬೇಕು. ಪಕ್ಕದವರ ಬೆಳಕು ಉಳಿಸುವ ಉಪಾಯ ಇದು.

ನ್ಯೂಜಿಲೆಂಡ್ 2021ರಲ್ಲಿ ದೊಡ್ಡ ನಗರಗಳಿಗೆ ತಂದ ಮಾನದಂಡದಲ್ಲಿ ಗಡಿಯಲ್ಲಿ 4 ಮೀಟರ್ ಮೇಲಿಂದ 60 ಡಿಗ್ರಿ ಗೆರೆ ಇತ್ತು. ಒಟ್ಟು ಎತ್ತರ 11 ಮೀಟರ್, ಇಳಿಜಾರು ಚಾವಣಿಗೆ ಇನ್ನೊಂದು ಮೀಟರ್. 60 ಡಿಗ್ರಿ ಅಂದರೆ ಒಂದು ಮೀಟರ್ ಒಳಗೆ ಬಂದರೆ 1.73 ಮೀಟರ್ ಮೇಲೆ ಹೋಗಬಹುದು. ಗಡಿಯಿಂದ 1 ಮೀಟರ್‌ಗೆ 5.73, 2 ಮೀಟರ್‌ಗೆ 7.46. ನಮ್ಮ ಉದಾಹರಣೆಯ ಗೋಡೆ ಎತ್ತರದ ಬದಿಯಲ್ಲಿ 6.45 ಮೀಟರ್, ಆದ್ದರಿಂದ ಅದು ಗಡಿಯಿಂದ ಸುಮಾರು 1.42 ಮೀಟರ್ ಒಳಗಿರಬೇಕು. ಬರೀ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) 1 ಮೀಟರ್ ಅಂತ ಓದಿ ಪಾಯ ಹಾಕಿದ್ದರೆ ಮೇಲಿನ ಮಹಡಿ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಜಪಾನಿನ ನಿಯಮ ಇನ್ನೂ ಸೂಕ್ಷ್ಮ. ಅಲ್ಲಿನ ಕಡಿಮೆ ಎತ್ತರದ ವಸತಿ ವಲಯಗಳಲ್ಲಿ 10 ಅಥವಾ 12 ಮೀಟರ್ ಮಿತಿ. ಜೊತೆಗೆ ಉತ್ತರದ ಗಡಿಯಲ್ಲಿ 5 ಮೀಟರ್ ಮೇಲಿಂದ, ಪ್ರತಿ ಮೀಟರ್‌ಗೆ 1.25 ಮೀಟರ್‌ನಂತೆ ಏರುವ ಗೆರೆ. ಉತ್ತರವೇ ಯಾಕೆ? ಉತ್ತರಾರ್ಧಗೋಳದ ಆ ಅಕ್ಷಾಂಶದಲ್ಲಿ ಚಳಿಗಾಲದ ನೆರಳು ಬೀಳುವುದು ಉತ್ತರಕ್ಕೆ. ಅದನ್ನು ದಿಕ್ಸೂಚಿಯ ಉತ್ತರದಿಂದಲ್ಲ, ನಿಜವಾದ ಉತ್ತರದಿಂದ ಅಳೆಯುತ್ತಾರೆ. 1976ರಿಂದ ನೆರಳಿನ ನಿಯಮವೂ ಇದೆ: ಚಳಿಗಾಲದ ಅಯನ ಸಂಕ್ರಾಂತಿಯ ದಿನ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಪಕ್ಕದ ಜಾಗದ ಮೇಲೆ ಎಷ್ಟು ಗಂಟೆ ನೆರಳು ಬೀಳಬಹುದು ಅಂತ ಲೆಕ್ಕ. ಈ ವಲಯಗಳಲ್ಲಿ ಸೂರು 7 ಮೀಟರ್ ಮೀರಿದರೆ ಅಥವಾ 3 ಮಹಡಿ ಇದ್ದರೆ ಇದು ಅನ್ವಯ.

ಓರೆ ಗೆರೆ ಇರುವ ಕಡೆ ಒಂದು ಸರಳ ಉಪಾಯ: ನೆತ್ತಿಯನ್ನು ಗಡಿಗೆ ಸಮಾನಾಂತರವಾಗಿ ಇಡಿ. ಆಗ ಚಾವಣಿಯೇ ಗೆರೆಯ ಜೊತೆ ಇಳಿಯುತ್ತದೆ.

ಹಂತ 7: ಸ್ಥಳೀಯ ಸಂಸ್ಥೆಯ ಆಚೆಗಿನ ಮಿತಿಗಳು

ವಿಮಾನ ನಿಲ್ದಾಣದ ಹತ್ತಿರ ಎತ್ತರವನ್ನು ನೆಲದಿಂದ ಅಳೆಯುವುದಿಲ್ಲ, ಸಮುದ್ರಮಟ್ಟದಿಂದ ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ದೊಡ್ಡ ರನ್‌ವೇಗಳ ಸುತ್ತ 4 ಕಿಲೋಮೀಟರ್‌ವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ ಒಂದು ಅಡ್ಡ ಮಿತಿ ಇದೆ. ಎರಡು ಮಹಡಿ ಮನೆಗೆ 45 ಮೀಟರ್ ಯಾವ ಲೆಕ್ಕ ಅನ್ನಿಸಬಹುದು. ನಿಲ್ದಾಣ 600 ಮೀಟರ್‌ನಲ್ಲಿದ್ದರೆ ಮಿತಿ 645. ನಿಮ್ಮ ಸೈಟ್ ಗುಡ್ಡದ ಮೇಲೆ 640ರಲ್ಲಿದ್ದರೆ ಉಳಿಯುವುದು 5 ಮೀಟರ್ ಮಾತ್ರ. ರನ್‌ವೇಯ ನೇರಕ್ಕೆ ಮತ್ತು ಪಕ್ಕಕ್ಕೆ ಮಿತಿ ಇನ್ನೂ ಕೆಳಗಿರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಚಿಕ್ಕ ವಿಮಾನ ನಿಲ್ದಾಣವೊಂದರ ಪಕ್ಕ 180 ಅಡಿ ಎದ್ದ ಕಚೇರಿ ಕಟ್ಟಡವನ್ನು 2007ರಲ್ಲಿ 160 ಅಡಿಗೆ ಕತ್ತರಿಸಬೇಕಾಯಿತು.

ಸ್ಮಾರಕಗಳು: ಭಾರತದಲ್ಲಿ ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷೇಧ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಬೇರೆ ಅನುಮತಿ ಬೇಕು. 2010ರ ತಿದ್ದುಪಡಿಯಲ್ಲಿ ಇದು ಕಾಯ್ದೆಗೇ ಸೇರಿತು.

ವಿದ್ಯುತ್ ತಂತಿ: ಭಾರತದಲ್ಲಿ 11 ಕಿಲೋವೋಲ್ಟ್ ತಂತಿ ಕಟ್ಟಡದ ಮೇಲೆ ಹಾದರೆ 3.7 ಮೀಟರ್, ಪಕ್ಕದಲ್ಲಿ ಹಾದರೆ 1.2 ಮೀಟರ್ ಅಂತರ ಬೇಕು. ಈಗ ಸೈಟಿನ ಮುಂದೆ ಇರುವ ತಂತಿ ಮೊದಲ ಮಹಡಿಗೆ ಸರಿ ಅನ್ನಿಸಿ, ಎರಡನೆಯದಕ್ಕೆ ಅಡ್ಡ ಬರುವುದು ತೀರಾ ಸಾಮಾನ್ಯ.

ಪ್ರವಾಹದ ಜಾಗಗಳಲ್ಲಿ ಉಲ್ಟಾ ಸಮಸ್ಯೆ. ಒಂದು ನಿಯಮ ನೆಲವನ್ನು ಮೇಲೆತ್ತಿ ಅನ್ನುತ್ತದೆ, ಇನ್ನೊಂದು ಚಾವಣಿಯನ್ನು ಕೆಳಗಿಡಿ ಅನ್ನುತ್ತದೆ. ನ್ಯೂಯಾರ್ಕ್ 2012ರ ಸ್ಯಾಂಡಿ ಚಂಡಮಾರುತದ ನಂತರ, 2013ರಲ್ಲಿ, ಪ್ರವಾಹ ವಲಯದ ಮನೆಗಳಿಗೆ ಎತ್ತರವನ್ನು ಪ್ರವಾಹ ಸುರಕ್ಷತೆಯ ಮಟ್ಟದಿಂದ ಅಳೆಯಲು ಬಿಟ್ಟಿತು. ನಿಮ್ಮಲ್ಲಿ ಅಂಥ ಹೊಂದಾಣಿಕೆ ಇಲ್ಲದಿದ್ದರೆ ವಿನಾಯಿತಿ ಕೇಳಲು ಇದಕ್ಕಿಂತ ಗಟ್ಟಿ ಕಾರಣ ಸಿಗುವುದಿಲ್ಲ.

ಹಂತ 8: ಸೆಕ್ಷನ್ ಡ್ರಾಯಿಂಗ್‌ನಲ್ಲಿ ಪ್ರತಿ ಪದರ ಬರೆಸಿ

ಎತ್ತರದ ಸತ್ಯ ಕಾಣುವುದು ಮಹಡಿ ನಕ್ಷೆಯಲ್ಲಿ ಅಲ್ಲ, ಸೆಕ್ಷನ್ ಡ್ರಾಯಿಂಗ್‌ನಲ್ಲಿ, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಅಡ್ಡಕೊಯ್ತದ ಚಿತ್ರದಲ್ಲಿ. ಕನಿಷ್ಠ ಎರಡು ಬೇಕು: ಇಳಿಜಾರಿನ ದಿಕ್ಕಿಗೆ ಒಂದು, ಅದಕ್ಕೆ ಅಡ್ಡ ಒಂದು. ಅದರಲ್ಲಿ ಈಗಿನ ನೆಲವನ್ನು ಚುಕ್ಕಿ ಗೆರೆಯಲ್ಲಿ, ಆಮೇಲಿನ ನೆಲವನ್ನು ದಪ್ಪ ಗೆರೆಯಲ್ಲಿ ತೋರಿಸಲಿ. ಮಿತಿಯ ಗೆರೆಯನ್ನೂ ಎಳೆಯಲಿ.

ಚಿತ್ರದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಪದರಗಳು ಇವೆ: ನೆಲಹಾಸು ಮತ್ತು ಅದರ ಕೆಳಗಿನ ಗಾರೆ, ತಾರಸಿಯ ನೀರಿಳಿಯುವ ಇಳಿಜಾರು, ನೀರು ಸೋರದ ಪದರ, ಹೆಂಚಿನ ದಪ್ಪ, ನೆತ್ತಿಯ ಹೆಂಚು. ತಲಾ ಕೆಲವು ಸೆಂಟಿಮೀಟರ್. ಎರಡು ಮಹಡಿ ಸೇರಿದರೆ ಸುಲಭವಾಗಿ 20 ಸೆಂಟಿಮೀಟರ್ ದಾಟುತ್ತದೆ.

ಎತ್ತರ ಉಳಿಸಲು ಕೋಣೆಯ ಒಳಎತ್ತರ ತಗ್ಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದಕ್ಕೂ ಕನಿಷ್ಠ ಮಿತಿ ಇದೆ, ಭಾರತದ ಸಂಹಿತೆಯಲ್ಲಿ ವಾಸದ ಕೋಣೆಗೆ 2.75 ಮೀಟರ್. ಅದರ ಬದಲು ತೊಲೆಗಳ ಆಳ, ಚಾವಣಿಯ ಓರೆ, ಪ್ಲಿಂತ್ ಇವನ್ನು ಮೊದಲು ನೋಡಿ. ಕೋಣೆಯಲ್ಲಿ ದಿನಾ ಬದುಕುವವರು ನೀವು, ಚಾವಣಿಯ ಒಳಗೆ ಯಾರೂ ಇರುವುದಿಲ್ಲ.

ಮಿತಿಗಿಂತ 15 ಸೆಂಟಿಮೀಟರ್ ಆದರೂ ಕೆಳಗೆ ನಿಲ್ಲಿ. ಇದು ನಿಯಮವಲ್ಲ, ನನ್ನ ಸಲಹೆ. ಮೇಸ್ತ್ರಿ ಎಷ್ಟೇ ಒಳ್ಳೆಯವರಾದರೂ ಮೋಲ್ಡ್ ಒಂದೆರಡು ಸೆಂಟಿಮೀಟರ್ ಅತ್ತಿತ್ತ ಆಗುತ್ತದೆ.

ಹಂತ 9: ಅರ್ಜಿಗೆ ಮುಂಚೆ ಬರಹದಲ್ಲಿ ಪ್ರಶ್ನೆ ಕೇಳಿ

ಅಧಿಕಾರಿಯನ್ನು ಭೇಟಿ ಮಾಡಿ "ಎಷ್ಟು ಎತ್ತರ ಕಟ್ಟಬಹುದು ಸಾರ್?" ಅಂತ ಕೇಳಿದರೆ ಮೊದಲ ಸಾಲಿನ ಸಂಖ್ಯೆಯೇ ಉತ್ತರವಾಗಿ ಬರುತ್ತದೆ. ಸೆಕ್ಷನ್ ಡ್ರಾಯಿಂಗ್ ಹಿಡಿದು ಹೋಗಿ, ನಿಖರವಾಗಿ ಕೇಳಿ:

ಈ ಸೈಟಿಗೆ ಎತ್ತರದ ಕೆಳತುದಿ ಯಾವ ಲೆವೆಲ್?
ಈ ಚಾವಣಿಗೆ ಮೇಲ್ತುದಿ ಯಾವ ಬಿಂದು?
ಹೆಡ್‌ರೂಮ್, ಟ್ಯಾಂಕ್, ಸೌರ ಫಲಕ ಲೆಕ್ಕಕ್ಕೆ ಬರುತ್ತವೆಯೇ?
ಕೆಳಗಿನ ಅಂತಸ್ತು ಮಹಡಿಯಾಗಿ ಎಣಿಕೆಯಾಗುತ್ತದೆಯೇ?
ಸೈಟಿನ ಮೇಲೆ ಬೇರೆ ಯಾವ ಇಲಾಖೆಯ ಒಪ್ಪಿಗೆ ಬೇಕು?

ಉತ್ತರ ಇಮೇಲ್‌ನಲ್ಲೋ ಪತ್ರದಲ್ಲೋ ಬರಲಿ. ಕೊಡದಿದ್ದರೆ, ಮಾತಾಡಿದ್ದನ್ನು ನೀವೇ ಬರೆದು ಕಳಿಸಿ, "ಹೀಗೆ ತಿಳಿಸಿದ್ದೀರಿ, ತಪ್ಪಿದ್ದರೆ ತಿದ್ದಿ" ಅಂತ ಕೇಳಿ. ನಿಯಮದ ಕಲಂ ಸಂಖ್ಯೆಯನ್ನೂ ಅದರಲ್ಲಿ ಹಾಕಿ.

ಅಕ್ಕಪಕ್ಕದವರಿಗೆ ನೋಟಿಸ್ ಹೋಗುವ ಮೊದಲು ನೀವೇ ಹೋಗಿ ನಕ್ಷೆ ತೋರಿಸುವುದು ಒಳ್ಳೆಯದು. ಅವರು ನೋಡುವುದು ಮೀಟರ್ ಅಲ್ಲ. ಅಡುಗೆಮನೆಗೆ ಬೆಳಕು ಬರುತ್ತದಾ, ಹಿತ್ತಿಲು ಕಾಣುತ್ತದಾ ಅಂತ ನೋಡುತ್ತಾರೆ. ಕೆಲವೊಮ್ಮೆ ಒಂದು ಕಿಟಕಿಯ ಜಾಗ ಬದಲಿಸಿದರೆ ಎತ್ತರದ ತಕರಾರೇ ಇಲ್ಲವಾಗುತ್ತದೆ. ಬೆಳಕಿನ ಹಕ್ಕು ಬೇರೆ ಕಾನೂನಿನಲ್ಲೂ ಇರಬಹುದು. ಇಂಗ್ಲೆಂಡಿನಲ್ಲಿ 1832ರ ಕಾಯ್ದೆಯಂತೆ 20 ವರ್ಷ ಅಡೆತಡೆಯಿಲ್ಲದೆ ಬೆಳಕು ಪಡೆದ ಕಿಟಕಿಗೆ ಹಕ್ಕು ಹುಟ್ಟುತ್ತದೆ. ಯೋಜನಾ ಅನುಮತಿ ಸಿಕ್ಕರೂ ಆ ಹಕ್ಕು ಹೋಗುವುದಿಲ್ಲ.

ಹಂತ 10: ಮಿತಿ ಮೀರಲೇಬೇಕಾದರೆ

ಮೊದಲು ವಿನ್ಯಾಸ ಬದಲಿಸಿ ನೋಡಿ. ಅದೂ ಆಗದಿದ್ದರೆ ವಿನಾಯಿತಿ ಅರ್ಜಿ. ಊರು ಯಾವುದೇ ಇರಲಿ, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈ ತೊಂದರೆ ಜಾಗದ್ದೋ, ನಿಮ್ಮ ಆಸೆಯದ್ದೋ? ಕಡಿದಾದ ಇಳಿಜಾರು, ವಿಚಿತ್ರ ಆಕಾರದ ಸೈಟ್, ಪ್ರವಾಹ ಮಟ್ಟ ಇವು ಜಾಗದ ತೊಂದರೆ. ಇನ್ನೊಂದು ಬೆಡ್‌ರೂಮ್ ಬೇಕು, ಸೈಟಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೇನೆ, ಇವು ನಡೆಯುವುದಿಲ್ಲ. ನೀವೇ ಮಣ್ಣು ತುಂಬಿಸಿ ತಂದುಕೊಂಡ ತೊಂದರೆಗೂ ಕನಿಕರ ಸಿಗುವುದಿಲ್ಲ.

ಅರ್ಜಿಯಲ್ಲಿ ಮೀರುವ ಭಾಗವನ್ನು ಮಾತ್ರ ಬಣ್ಣ ಹಚ್ಚಿ ತೋರಿಸಿ. ಚಾವಣಿಯ ಒಂದು ಮೂಲೆ 40 ಸೆಂಟಿಮೀಟರ್ ಮೀರುವುದಕ್ಕೂ ಇಡೀ ಮಹಡಿ ಮೀರುವುದಕ್ಕೂ ತುಂಬ ವ್ಯತ್ಯಾಸ ಇದೆ, ಅದು ಕಣ್ಣಿಗೆ ಕಾಣಬೇಕು. ನೆರಳಿನ ಚಿತ್ರ ಜೊತೆಗಿಡಿ. ಮಿತಿಯೊಳಗಿನ ಮನೆಯ ನೆರಳು, ನೀವು ಕೇಳುತ್ತಿರುವ ಮನೆಯ ನೆರಳು, ಎರಡೂ ಒಂದೇ ಹಾಳೆಯಲ್ಲಿ ಇರಲಿ.

"ಬೀದಿಯಲ್ಲಿ ಆಗಲೇ ಎತ್ತರದ ಮನೆ ಇದೆಯಲ್ಲ" ಅನ್ನುವ ವಾದ ನೀವು ಅಂದುಕೊಂಡಷ್ಟು ಗಟ್ಟಿ ಅಲ್ಲ. ಅದು ಹಳೆಯ ನಿಯಮದ ಕಾಲದ್ದಿರಬಹುದು, ಅಕ್ರಮವೂ ಇರಬಹುದು.

ಕಟ್ಟಿಬಿಟ್ಟು ಆಮೇಲೆ ಸಕ್ರಮ ಮಾಡಿಸಿಕೊಳ್ಳುವ ಲೆಕ್ಕಾಚಾರ ದಿನದಿನಕ್ಕೆ ದುಬಾರಿಯಾಗುತ್ತಿದೆ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದ ಕಟ್ಟಡದ ಮೇಲೆ ಕ್ರಮ ಕೈಗೊಳ್ಳಲು 4 ವರ್ಷ ಇದ್ದ ಅವಧಿಯನ್ನು 2024ರ ಏಪ್ರಿಲ್‌ನಿಂದ 10 ವರ್ಷಕ್ಕೆ ಏರಿಸಿದರು.

ಹಂತ 11: ಕೆಲಸ ನಡೆಯುವಾಗ ಮೂರು ಸಲ ಅಳೆಯಿರಿ

ಪ್ಲಿಂತ್ ಮುಗಿದಾಗ, ಮೊದಲ ಮೋಲ್ಡ್‌ಗೆ ಕಂಬಿ ಕಟ್ಟುವ ಮುಂಚೆ, ಚಾವಣಿ ಏರಿಸುವ ಮುಂಚೆ. ಪ್ರತಿ ಸಲವೂ ಅದೇ ಬೆಂಚ್‌ಮಾರ್ಕ್‌ನಿಂದ, ಸಾಧ್ಯವಾದರೆ ಅದೇ ಸರ್ವೇಯರ್‌ನಿಂದ. ಪ್ಲಿಂತ್‌ನಲ್ಲಿ 10 ಸೆಂಟಿಮೀಟರ್ ಹೆಚ್ಚಾದದ್ದು ಆಗಲೇ ಗೊತ್ತಾದರೆ ಮೇಲಿನ ಗೋಡೆಯಲ್ಲಿ ಒಂದು ಸಾಲು ಬ್ಲಾಕ್ ತಗ್ಗಿಸಿ ಸರಿಮಾಡಬಹುದು. ಚಾವಣಿ ಕೂತ ಮೇಲೆ ಗೊತ್ತಾದರೆ ಬಿಚ್ಚಬೇಕು.

ಮಧ್ಯದಲ್ಲಿ ಯಾರಾದರೂ "ಪ್ಲಿಂತ್ ಇನ್ನೊಂದಡಿ ಎತ್ತರಿಸಿ, ರಸ್ತೆ ಮುಂದೆ ಎತ್ತರ ಆಗುತ್ತದೆ" ಅಂತ ಹೇಳಿಯೇ ಹೇಳುತ್ತಾರೆ. ಮಾತು ಸರಿಯಿರಬಹುದು. ಆದರೆ ಆ ಒಂದಡಿ ಅಂದರೆ 30 ಸೆಂಟಿಮೀಟರ್, ಮಿತಿಯಿಂದ ಅಷ್ಟೂ ಕಳೆಯಿತು. ಮೊದಲು ಸೆಕ್ಷನ್ ಡ್ರಾಯಿಂಗ್ ತಿದ್ದಿ ಲೆಕ್ಕ ನೋಡಿ, ಬೇಕಾದರೆ ತಿದ್ದಿದ ನಕ್ಷೆಗೆ ಒಪ್ಪಿಗೆ ಪಡೆಯಿರಿ, ಆಮೇಲೆ ಎತ್ತರಿಸಿ.

ಕೊನೆಗೆ, ಚಾವಣಿ ಮುಗಿದ ಮೇಲೆ, ಕಟ್ಟಿದ ಹಾಗೆ ಇರುವ ಎತ್ತರದ ಪ್ರಮಾಣಪತ್ರವನ್ನು ಸರ್ವೇಯರ್‌ನಿಂದ ಬರೆಸಿಕೊಳ್ಳಿ. ಅದರಲ್ಲಿ ಬೆಂಚ್‌ಮಾರ್ಕ್‌ನ ಲೆವೆಲ್, ಕೆಳತುದಿ, ಮೇಲ್ತುದಿ, ಅಳೆದ ದಿನಾಂಕ ಇರಲಿ. ವಾಸದ ಅನುಮತಿಯ ಅರ್ಜಿಗೆ ಒಂದು ಪ್ರತಿ ಲಗತ್ತಿಸಿ, ಇನ್ನೊಂದನ್ನು ಮಂಜೂರಾದ ನಕ್ಷೆ ಮತ್ತು ಮೊದಲ ಸರ್ವೇ ಜೊತೆ ಮನೆಪತ್ರಗಳಲ್ಲಿ ಇಡಿ. ಮುಂದೆ ಸೌರ ಫಲಕ ಹಾಕುವಾಗ, ಮೇಲೊಂದು ರೂಮು ಸೇರಿಸುವಾಗ ಅಥವಾ ಮನೆ ಮಾರುವಾಗ ಆ ಮೂರು ಕಾಗದಗಳನ್ನೇ ಕೇಳುತ್ತಾರೆ.